ಸುಳ್ಳಿನ ತೂಕ

ನವನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಸೈಕಲ್ ಇದೆ. ಅದಕ್ಕೆ ಹಿಂದಿನ ಗಾಲಿ ಇಲ್ಲ. ಗಾಲಿ ಇರಬೇಕಾದ ಜಾಗದಲ್ಲಿ ಒಂದು ಭಾರದ ಯಂತ್ರ ಕೂತಿದೆ. ಸೈಕಲ್ಲಿನ ಚೈನು ಅದಕ್ಕೆ ಸಿಕ್ಕಿಕೊಂಡಿದೆ. ಫೆಲೋಶಿಪ್ಪಿನ ಹಣ ಕೂಡಿಟ್ಟು ಒಬ್ಬರು ಬಳಸಿ ಬಿಟ್ಟಿದ್ದನ್ನು ಕೊಂಡಿದ್ದು. ಪೆಡಲ್ ತುಳಿದರೆ ಯಂತ್ರ ಎಷ್ಟು ವ್ಯಾಟ್ ಶಕ್ತಿ ಬಂತೆಂದು ಅಳೆದು ಕಂಪ್ಯೂಟರಿಗೆ ಹೇಳುತ್ತದೆ. ಮಳೆಗಾಲದಲ್ಲಿ ಪಿ.ಬಿ. ರಸ್ತೆಗಿಳಿದು ಸೈಕಲ್ ಹೊಡೆಯುವುದು ಸುಲಭವಲ್ಲ. ನಡುವಿನ ಪಥದಲ್ಲಿ ಚಿಗರಿ ಬಸ್ಸುಗಳು ಓಡುತ್ತವೆ, ಉಳಿದ ಲಾರಿ, ಟೆಂಪೊ, ಬೈಕುಗಳೆಲ್ಲ ಬದಿಗೆ ಒತ್ತಿಕೊಂಡು ಬರುತ್ತವೆ. ಹೀಗಾಗಿ ರಾತ್ರಿ ಗ್ರಂಥಾಲಯದಿಂದ ಬಂದ ಮೇಲೆ ಬಾಗಿಲು ಹಾಕಿಕೊಂಡು ಒಂದು ತಾಸು ತುಳಿಯುವ ರೂಢಿ ಬಿತ್ತು.

ಒಮ್ಮೆ ಹಾಗೆ ಬೆವರಿನಲ್ಲಿ ತೊಯ್ದು ಹೊರಗೆ ಬಂದಾಗ ಮನೆಯ ಒಡತಿ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದರು.

“ಎಲ್ಲಿತನಕಾ ಹೋಗಿ ಬಂದ್ಯೋ ತಮ್ಮಾ?”

“ಎಲ್ಲಿಗೂ ಹೋಗಿಲ್ರೀ ಅಮ್ಮಾ, ಒಳಗ ಇದ್ದೆ.”

“ಮತ್ತ ಇಷ್ಟ್ಯಾಕ ಬೆವರು? ಗಾಣದ ಎತ್ತಿನಂಗ ಆತಲ್ಲ ನಿಂದು.”

ಅಜ್ಜಿ ನಗಾಡಲು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿಯಿತು. ಗಾಣದ ಎತ್ತಿಗೆ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಸುತ್ತಿದ್ದಲ್ಲೇ ಸುತ್ತುತ್ತಿದ್ದೇನೆಂದು ಗೊತ್ತಾದರೆ ಅದು ನಿಂತುಬಿಡಬಹುದು. ನಿಂತಲ್ಲೇ ತುಳಿಯುವ ನಮ್ಮಂಥವರಿಗಾಗಿ ಎರಡು ಬಗೆಯ ಆ್ಯಪ್‌ಗಳಿವೆ. ಒಂದು ಕಣ್ಣಿಗೆ ಚೆಂದದ ಬಟ್ಟೆ ಕಟ್ಟಿ, ನೀನು ಎಲ್ಲಿಗೋ ಹೋಗುತ್ತಿದ್ದೀಯ ಎನ್ನುತ್ತದೆ. ಇನ್ನೊಂದು ಬಟ್ಟೆ ಬಿಚ್ಚಿ, ಎಲ್ಲಿಗೂ ಹೋಗುತ್ತಿಲ್ಲ, ಎಷ್ಟು ಎಣ್ಣೆ ಬಂತು ನೋಡು ಎನ್ನುತ್ತದೆ.

ಮೊದಲನೆಯದಕ್ಕೆ ಹೆಸರಾದ ಉದಾಹರಣೆ ಜ್ವಿಫ್ಟ್. 2014ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಇದು ನೋಡಲು ಪೂರ್ತಿ ವಿಡಿಯೊ ಗೇಮ್. ವಟೋಪಿಯ ಎಂಬ ಕಲ್ಪನೆಯ ದ್ವೀಪ ಅದರ ಮುಖ್ಯ ಲೋಕ. ಅಲ್ಲಿ ಜ್ವಾಲಾಮುಖಿಯಿದೆ, ಕಾಡಿದೆ, ಫ್ರಾನ್ಸಿನ ಪ್ರಸಿದ್ಧ ಆಲ್ಪ್ ದುಯೆಜ್ ಏರನ್ನು ಹೋಲುವ, 21 ತಿರುವುಗಳ ಒಂದು ಪರ್ವತ ದಾರಿಯಿದೆ. ಪರದೆಯ ಮೇಲೆ ನಿಮ್ಮದೊಂದು ಗೊಂಬೆ ಸೈಕಲ್ ಹೊಡೆಯುತ್ತದೆ. ಅಕ್ಕಪಕ್ಕದಲ್ಲಿ ಜಪಾನಿನವರು, ಬ್ರೆಜಿಲ್‌ನವರು, ಬೆಂಗಳೂರಿನವರು. ಏರು ಬಂದರೆ ಯಂತ್ರ ತಾನೇ ಬಿಗಿಯಾಗುತ್ತದೆ, ಇಳುಕಲಿನಲ್ಲಿ ಸಡಿಲವಾಗುತ್ತದೆ. ಇನ್ನೊಬ್ಬರ ಬೆನ್ನ ಹಿಂದೆ ಹೋದರೆ ಗಾಳಿಯ ತಡೆ ಕಡಿಮೆಯಾಗುವ ಲೆಕ್ಕವೂ ಅದರಲ್ಲಿದೆ.

ಎರಡನೆಯದಕ್ಕೆ ಉದಾಹರಣೆ ಟ್ರೈನರ್‌ರೋಡ್. ಇಲ್ಲಿ ದ್ವೀಪವೂ ಇಲ್ಲ, ಗೊಂಬೆಯೂ ಇಲ್ಲ. ಪರದೆಯ ಮೇಲೆ ನೀಲಿ ಬಣ್ಣದ ಕಟ್ಟೆಗಳಂಥ ಒಂದು ನಕ್ಷೆ. ಎಂಟು ನಿಮಿಷ ಇಷ್ಟು ವ್ಯಾಟ್, ನಾಲ್ಕು ನಿಮಿಷ ಬಿಡುವು, ಮತ್ತೆ ಎಂಟು ನಿಮಿಷ. ಎಲ್ಲದಕ್ಕೂ ಆಧಾರ ಎಫ್‌ಟಿಪಿ ಎಂಬ ಒಂದು ಅಂಕಿ. ಒಬ್ಬ ಮನುಷ್ಯ ಸುಮಾರು ಒಂದು ತಾಸು ಹಿಡಿದಿಡಬಲ್ಲ ಗರಿಷ್ಠ ಶಕ್ತಿ ಎಂದು ಅದನ್ನು ತಿಳಿಯಬಹುದು. ಪರೀಕ್ಷೆ ಮಾಡಿಕೊಂಡು ಆ ಅಂಕಿ ತುಂಬಿದರೆ, ಮುಂದಿನ ವಾರಗಳ ಕಸರತ್ತನ್ನೆಲ್ಲ ಆ್ಯಪ್ ಅದರ ಮೇಲೆಯೇ ಹೊಂದಿಸುತ್ತದೆ.

ಗಡಿ ಅಷ್ಟು ಖಚಿತವಲ್ಲ, ನಿಜ. ಜ್ವಿಫ್ಟ್‌ನಲ್ಲೂ ಇಂಥ ಕಸರತ್ತಿನ ಪಾಠಗಳಿವೆ. ಆದರೂ ಇವೆರಡು ಬೇರೆ ಬೇರೆ ಮನೋಧರ್ಮಗಳು. ಸೈಕಲ್ ಗೆಳೆಯರ ನಡುವೆ ಇವುಗಳ ಬಗ್ಗೆ ವಾದ ಹುಟ್ಟಿದರೆ ಅದು ಬೇಗನೆ ನೀತಿಯ ವಾದವಾಗಿಬಿಡುತ್ತದೆ. ಒಬ್ಬರು, ಆಟ ಆಡುವವರು ತಮ್ಮನ್ನು ತಾವೇ ಮೋಸಗೊಳಿಸಿಕೊಳ್ಳುತ್ತಾರೆ, ಸಾಧನೆ ಬೇಕಾದರೆ ಅಂಕಿಯ ಮುಂದೆ ಕೂಡಬೇಕು ಎನ್ನುತ್ತಾರೆ. ಇನ್ನೊಬ್ಬರು, ಸಂತೋಷವಿಲ್ಲದ ಮೇಲೆ ತುಳಿಯುವುದು ಯಾಕೆ, ಅದು ಶಿಕ್ಷೆಯಾಯಿತು ಎನ್ನುತ್ತಾರೆ. ಸಾಧನೆಯೋ ಸಂತೋಷವೋ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ನಾನೂ ಬಹಳ ದಿನ ಅಲ್ಲೇ ನಿಂತಿದ್ದೆ. ಎರಡೂ ಕಡೆ ನಾನೇ ಹೇಳಿದ ಎರಡು ಸುಳ್ಳುಗಳು ನನ್ನನ್ನು ಅಲ್ಲಿಂದ ಕದಲಿಸಿದವು.

ಮೊದಲ ಸುಳ್ಳು ಕಸರತ್ತಿನ ಆ್ಯಪ್‌ನಲ್ಲಿ. ಪರೀಕ್ಷೆಯಲ್ಲಿ ನನ್ನ ಎಫ್‌ಟಿಪಿ 200 ವ್ಯಾಟ್ ಬಂತು. ಅದು ನನಗೆ ಕಡಿಮೆ ಅನ್ನಿಸಿತು. ಆ ದಿನ ನಿದ್ದೆ ಸರಿಯಾಗಿರಲಿಲ್ಲ, ಫ್ಯಾನೂ ಮೆಲ್ಲಗೆ ತಿರುಗುತ್ತಿತ್ತು ಎಂದು ನೆಪ ಹುಡುಕಿ 215 ಎಂದು ತುಂಬಿದೆ. ಯಾರಿಗೂ ತೋರಿಸುವ ಅಂಕಿಯಲ್ಲ ಅದು, ಬರೀ ನನ್ನ ಸಮಾಧಾನಕ್ಕೆ. ಎರಡು ದಿನ ಬಿಟ್ಟು ಬಂದ ಪಾಠದಲ್ಲಿ ಎಂಟೆಂಟು ನಿಮಿಷದ ನಾಲ್ಕು ಸುತ್ತುಗಳಿದ್ದವು, ಎಲ್ಲವೂ ಎಫ್‌ಟಿಪಿಯ ಮಟ್ಟದಲ್ಲಿ. ಯಂತ್ರ 215 ವ್ಯಾಟ್ ಹಿಡಿದು ಕೂತಿತು. ಇಂಥ ಪಾಠಗಳಲ್ಲಿ ಯಂತ್ರದ ನಡೆ ವಿಚಿತ್ರ. ನೀವು ದಣಿದು ಪೆಡಲಿನ ವೇಗ ಇಳಿಸಿದರೆ ಅದು ಇನ್ನೂ ಬಿಗಿಯಾಗುತ್ತದೆ. ಶಕ್ತಿಯೆಂದರೆ ಒತ್ತುವ ಬಲ ಮತ್ತು ತಿರುಗುವ ವೇಗ ಎರಡರ ಗುಣಲಬ್ಧ. ವೇಗ ಇಳಿದರೆ ಲೆಕ್ಕ ಸರಿದೂಗಿಸಲು ಬಲ ಏರಲೇಬೇಕು. ಮೊದಲ ಸುತ್ತು ಹೇಗೋ ಮುಗಿಯಿತು. ಎರಡನೆಯದರಲ್ಲಿ ತುಟಿ ಕಚ್ಚಿದೆ. ಮೂರನೆಯದರ ನಡುವೆ ಕಾಲು ನಿಂತೇಹೋಯಿತು. ಆ ರಾತ್ರಿಯೇ 215ನ್ನು ಅಳಿಸಿ 200 ಎಂದು ಬರೆದೆ. ಸುಳ್ಳಿನ ಆಯುಷ್ಯ ಎರಡೇ ದಿನ.

ಎರಡನೆಯ ಸುಳ್ಳು ಆಟದಲ್ಲಿ. ಆಟಕ್ಕೆ ಸೇರುವಾಗ ನಿಮ್ಮ ತೂಕ ಕೇಳುತ್ತದೆ. ನಿಮ್ಮ ಗೊಂಬೆಯ ವೇಗವನ್ನು ಅದು ಲೆಕ್ಕ ಹಾಕುವುದು ನೀವು ತುಳಿಯುವ ಶಕ್ತಿ ಮತ್ತು ನೀವು ಹೇಳಿದ ತೂಕದ ಮೇಲೆ. ಬಯಲಿನಲ್ಲಿ ತೂಕಕ್ಕೆ ಹೆಚ್ಚು ಬೆಲೆ ಇಲ್ಲ, ಏರಿನಲ್ಲಿ ತೂಕವೇ ಎಲ್ಲ. ನಾನು 68 ಕಿಲೋ ಎಂದು ತುಂಬಿದ್ದೆ. ಎಂ.ಎ. ಓದುವಾಗ ನನ್ನ ತೂಕ ಅಷ್ಟೇ ಇತ್ತು, ನಂತರ ತೂಗಿಸಿಕೊಂಡಿರಲಿಲ್ಲ. ಹಾಗಾಗಿ ತುಂಬಿದ ದಿನ ಅದು ಸುಳ್ಳಲ್ಲ, ಬರೀ ತಪ್ಪು. ಆಗಸ್ಟ್‌ನಲ್ಲಿ ಒಂದು ಔಷಧಿ ಅಂಗಡಿಯ ಮುಂದಿನ ತೂಕದ ಯಂತ್ರದ ಮೇಲೆ ಸುಮ್ಮನೆ ಹತ್ತಿದೆ. 74. ಮನೆಗೆ ಬಂದು ಆಟ ತೆರೆದೆ, ತೂಕ ಬದಲಿಸುವ ಪುಟಕ್ಕೂ ಹೋದೆ. ನಂತರ ಮುಚ್ಚಿದೆ. ತಪ್ಪು ಸುಳ್ಳಾದದ್ದು ಆ ಗಳಿಗೆಯಲ್ಲಿ. ನಾನು ಹೊಸದಾಗಿ ಏನನ್ನೂ ಬರೆಯಲಿಲ್ಲ, ಬರೆದದ್ದನ್ನು ಅಳಿಸಲಿಲ್ಲ, ಅಷ್ಟೇ. ಆದರೂ ಆ ಕ್ಷಣದ ಮೊದಲು ಮತ್ತು ನಂತರ ನಾನು ಒಬ್ಬನೇ ಮನುಷ್ಯನಲ್ಲ ಎಂಬುದು ನನಗೆ ಗೊತ್ತಿತ್ತು. ಈ ಸುಳ್ಳು ಮೂರು ತಿಂಗಳು ಬದುಕಿತು.

ಆರು ಕಿಲೋ ಅಂದರೆ ಎಷ್ಟು? ಆಲ್ಪ್‌ ಅನ್ನು ಹೋಲುವ ಆ ದಾರಿ ಸುಮಾರು 12 ಕಿಲೋಮೀಟರ್ ಉದ್ದ, ಸಾವಿರ ಮೀಟರಿಗೂ ಮಿಕ್ಕಿದ ಎತ್ತರ. ನನ್ನಂಥವನಿಗೆ ಒಂದೂಕಾಲು ತಾಸಿನ ಕೆಲಸ. ಆರು ಕಿಲೋ ಕಳೆದರೆ ಅದರಲ್ಲಿ ಸುಮಾರು ಐದು ನಿಮಿಷ ಉಳಿಯುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಹಳೆಯ ಸಹಪಾಠಿಯೊಬ್ಬ ಪ್ರತಿ ಶನಿವಾರ ರಾತ್ರಿ ನನ್ನ ಜೊತೆ ಈ ಏರು ಹತ್ತುತ್ತಿದ್ದ. ಅವನು 82 ಕಿಲೋ, ಹಾಗಂತಲೇ ಬರೆದಿದ್ದ. ನನಗಿಂತ ಹೆಚ್ಚು ಶಕ್ತಿ ಹಾಕುತ್ತಿದ್ದ. ನಿಜವಾದ ತೂಕದ ಲೆಕ್ಕದಲ್ಲಿ ನಾವು ಹೆಚ್ಚುಕಡಿಮೆ ಸಮಾನರು. ಪರದೆಯ ಮೇಲೆ ಮಾತ್ರ ನಾಲ್ಕನೆಯ ತಿರುವಿನ ಹೊತ್ತಿಗೆ ಅವನು ನನ್ನ ಹಿಂದೆ ಚುಕ್ಕೆಯಾಗುತ್ತಿದ್ದ. ನಾನು ಮೇಲೆ ಮುಟ್ಟಿ ಅವನಿಗಾಗಿ ಕಾಯುತ್ತಿದ್ದೆ. ಕಾಯುವುದರಲ್ಲಿ ಒಂದು ದೊಡ್ಡಸ್ತಿಕೆಯೂ ಇರುತ್ತಿತ್ತು.

ಇಷ್ಟಕ್ಕೂ ಇದು ಆಟ ತಾನೇ, ಇದರಲ್ಲೆಂಥ ನೀತಿ ಎನ್ನಬಹುದು. ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಶಾಸ್ತ್ರಜ್ಞ 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆಟದ ಬಗ್ಗೆ ಗಂಭೀರವಾಗಿ ಯೋಚಿಸಿದ್ದಾನೆ. ಆಟವೆಂದರೆ ನಾವಾಗಿಯೇ ಒಪ್ಪಿಕೊಂಡ, ಬೇಕಿಲ್ಲದ ಅಡ್ಡಿಗಳನ್ನು ದಾಟುವ ಕೆಲಸ. ಚೆಂಡನ್ನು ಕುಳಿಗೆ ಹಾಕುವುದೇ ಗುರಿಯಾದರೆ ಕೈಯಲ್ಲಿ ಎತ್ತಿ ಹಾಕಬಹುದು. ಉದ್ದದ ಕೋಲಿನಿಂದಲೇ ಹೊಡೆಯುತ್ತೇನೆಂದು ಒಪ್ಪಿಕೊಂಡರೆ ಗಾಲ್ಫ್ ಹುಟ್ಟುತ್ತದೆ. ಮೋಸಗಾರನ ಬಗ್ಗೆ ಅವನ ಮಾತು ಸೂಕ್ಷ್ಮ. ಮೋಸಗಾರನಿಗೆ ಗುರಿಯ ಮೇಲೆ ಬಹಳ ಗೌರವವಿದೆ, ನಿಯಮದ ಮೇಲಿಲ್ಲ. ಆದರೆ ನಿಯಮಗಳಿಂದಲೇ ಆಟ ಆಗಿರುವುದರಿಂದ ಅವನು ಆಟವನ್ನೇ ಆಡಿರುವುದಿಲ್ಲ. ಈ ಲೆಕ್ಕದಲ್ಲಿ ಆ ಶನಿವಾರಗಳಂದು ಏರು ಹತ್ತಿದವನು ನನ್ನ ಗೆಳೆಯನೊಬ್ಬನೇ. ನಾನು ಅವನ ಪಕ್ಕದಲ್ಲಿ ಬೇರೇನೋ ಮಾಡುತ್ತಿದ್ದೆ.

ನನ್ನದು ಸಣ್ಣ ಕತೆ. ದೊಡ್ಡ ಕತೆಯೂ ಇದೆ. 2019ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸೈಕ್ಲಿಂಗ್ ಸಂಸ್ಥೆ ಜ್ವಿಫ್ಟ್‌ನಲ್ಲಿ ತನ್ನ ಮೊದಲ ಇ-ರೇಸಿಂಗ್ ಚಾಂಪಿಯನ್‌ಶಿಪ್ ನಡೆಸಿತು. ಪುರುಷರಲ್ಲಿ ಗೆದ್ದವರು ಕ್ಯಾಮರನ್ ಜೆಫರ್ಸ್. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರ ಪ್ರಶಸ್ತಿ ಹಿಂಪಡೆದು, ಆರು ತಿಂಗಳ ನಿಷೇಧ ಮತ್ತು 250 ಪೌಂಡ್ ದಂಡ ವಿಧಿಸಲಾಯಿತು. ಸ್ಪರ್ಧೆಯ ದಿನ ಅವರು ತುಳಿದದ್ದು ನಿಜವಾದ ಕಾಲಿನಿಂದಲೇ. ತಕರಾರಿದ್ದದ್ದು ಪರದೆಯ ಮೇಲೆ ಅವರ ಗೊಂಬೆ ಹತ್ತಿದ್ದ ಸೈಕಲ್ಲಿನ ಬಗ್ಗೆ. ಆಟದಲ್ಲಿ ಒಟ್ಟು 50,000 ಮೀಟರ್ ಏರು ಹತ್ತಿದವರಿಗೆ ಮಾತ್ರ ಸಿಗುವ ವೇಗದ ಸೈಕಲ್ ಅದು. ಆ ಏರನ್ನು ಮನುಷ್ಯನೇ ಇಲ್ಲದೆ, ಶಕ್ತಿಯ ಅಂಕಿಗಳನ್ನು ಸೃಷ್ಟಿಸುವ ಒಂದು ಪ್ರೋಗ್ರಾಮಿನಿಂದ ಹತ್ತಿಸಲಾಗಿತ್ತು. ಹಾಗೆ ಮಾಡಿದ್ದನ್ನು ಜೆಫರ್ಸ್ ಒಪ್ಪಿಕೊಂಡರು. ಇಲ್ಲದ ಸೈಕಲ್ಲನ್ನು, ಇಲ್ಲದ ಬೆಟ್ಟವನ್ನು ಹತ್ತದೆ ಪಡೆದದ್ದಕ್ಕೆ ನಿಜವಾದ ದಂಡ! ಮೊದಲು ಓದಿದಾಗ ನಗು ಬಂದಿತ್ತು. ಆಗಸ್ಟ್‌ನ ಆ ತೂಕದ ಯಂತ್ರದ ನಂತರ ನಗು ಬರಲಿಲ್ಲ. ಸೈಕಲ್ ಇಲ್ಲದ್ದಿರಬಹುದು, ಎರಡನೆಯ ಸ್ಥಾನಕ್ಕೆ ಇಳಿದ ಮನುಷ್ಯ ಇದ್ದಾನಲ್ಲ.

ಪ್ಲೇಟೊನ ‘ರಿಪಬ್ಲಿಕ್’ನಲ್ಲಿ ಗೈಜಸ್‌ನ ಉಂಗುರದ ಕತೆ ಬರುತ್ತದೆ. ಅದನ್ನು ತಿರುಗಿಸಿದರೆ ತೊಟ್ಟವನು ಯಾರಿಗೂ ಕಾಣುವುದಿಲ್ಲ. ಕಾಣದೆ ಇರುವ ಶಕ್ತಿ ಸಿಕ್ಕ ಮೇಲೂ ಯಾರಾದರೂ ನ್ಯಾಯವಂತರಾಗಿ ಉಳಿಯುತ್ತಾರೆಯೇ ಎಂಬುದು ಅಲ್ಲಿನ ಪ್ರಶ್ನೆ. ಮುಚ್ಚಿದ ಬಾಗಿಲ ಹಿಂದೆ, ಗೊಂಬೆಯ ಮರೆಯಲ್ಲಿ ಸೈಕಲ್ ತುಳಿಯುವ ನಮಗೆಲ್ಲ ಆ ಉಂಗುರ ಸಿಕ್ಕಿದೆ. ನಮ್ಮ ಕಡೆಯ ಜಾತ್ರೆಗಳ ಕುಸ್ತಿ ಕಣವನ್ನು ನೆನಪು ಮಾಡಿಕೊಳ್ಳಿ. ಹಿರಿಯರು ಇಬ್ಬರು ಪೈಲ್ವಾನರನ್ನು ಅಕ್ಕಪಕ್ಕ ನಿಲ್ಲಿಸಿ, ಮೈಕಟ್ಟು ನೋಡಿ ಜೋಡಿ ಹಚ್ಚುತ್ತಾರೆ. ನಾನು ಇಷ್ಟೇ ತೂಕ ಎಂದು ಹೇಳಲು ಅಲ್ಲಿ ಅವಕಾಶವೇ ಇಲ್ಲ; ಸುತ್ತ ಕೂತ ಊರೇ ತಕ್ಕಡಿ. ನಮ್ಮ ಆಟದಲ್ಲಿ ನೋಡುವ ಕಣ್ಣುಗಳಿಲ್ಲ.

ದೀಪಾವಳಿಗೆ ಗೆಳೆಯ ಊರಿಗೆ ಬಂದ. ಪಾಡ್ಯದ ಮಾರನೆಯ ಬೆಳಿಗ್ಗೆ ಇಬ್ಬರೂ ಸೈಕಲ್ ತೆಗೆದುಕೊಂಡು ಹೊರಟೆವು. ನವನಗರದಿಂದ ಭೈರಿದೇವರಕೊಪ್ಪ, ಉಣಕಲ್ ಕೆರೆ ದಾಟಿ ನೃಪತುಂಗ ಬೆಟ್ಟದ ಕಡೆ. ಆಲ್ಪ್ಸ್‌ಗೆ ಹೋಲಿಸಿದರೆ ಅದು ಬೆಟ್ಟವೇ ಅಲ್ಲ, ಹುಬ್ಬಳ್ಳಿಯ ಜನ ಬೆಳಗಿನ ವಾಕಿಂಗಿಗೆ ಹತ್ತುವ ಗುಡ್ಡ. ಏರು ಶುರುವಾಗುತ್ತಲೇ ಗೆಳೆಯ ನನ್ನನ್ನು ದಾಟಿ ಮುಂದೆ ಹೋದ. ನಾನು ಹಿಂದಿನಿಂದ ನೋಡುತ್ತಿದ್ದೆ: ಅಂಗಿ ಅವನ ಬೆನ್ನ ಮೇಲೆ ಜೋತಾಡುತ್ತಿತ್ತು. ಬೆಟ್ಟ ಯಾರ ತೂಕವನ್ನೂ ಕೇಳುವುದಿಲ್ಲ, ತಾನೇ ತೂಗಿಕೊಳ್ಳುತ್ತದೆ. ಇವತ್ತು ಎಲ್ಲ ಗೊತ್ತಾಗುತ್ತದೆ ಎಂದು ನನಗೆ ಒಳಗೊಳಗೇ ಅಳುಕು. ಅಷ್ಟರಲ್ಲಿ ಅವನು ಸೈಕಲ್ ನಿಲ್ಲಿಸಿ, ಇಳಿದು, ರಸ್ತೆಯ ಬದಿಗೆ ಕೂತುಬಿಟ್ಟ. ಮುಖ ಬಿಳಿಚಿಕೊಂಡಿತ್ತು.

“ಕಣ್ಣಿಗೆ ಕತ್ತಲಿ ಬಂದಂಗಾತು,” ಎಂದ. ನೀರು ಕುಡಿದು ಸ್ವಲ್ಪ ಹೊತ್ತಿನ ನಂತರ ಹೇಳಿದ: “ಏರಿನ್ಯಾಗ ನೀ ಹಂಗ ಹೋಗಿಬಿಡ್ತಿಯಲಾ, ನಂಗ ಹಿಡಿಯಾಕ ಆಗ್ತಿರಲಿಲ್ಲ. ತೂಕ ಇಳಸೂದ ಒಂದ ದಾರಿ ಅಂತ ದಸರಾ ಆದಮ್ಯಾಲಿಂದ ರಾತ್ರಿ ಊಟಾ ಬಿಟ್ಟೀನಿ. ನಾಕ ಕಿಲೋ ಇಳದೀನಿ ನೋಡು.”

ನನಗೆ ಮಾತು ಹೊರಡಲಿಲ್ಲ. ಹಬ್ಬದ ಮನೆಯಲ್ಲೂ ಅವನು ಹೋಳಿಗೆ ಬೇಡ ಅಂದಿದ್ದನಂತೆ, ತಾಯಿ ಬೇಜಾರು ಮಾಡಿಕೊಂಡಿದ್ದರಂತೆ. ನಾನು ಪರದೆಯ ಮೇಲೆ ಇಳಿಸಿದ್ದ ಆರು ಕಿಲೋವನ್ನು ಅವನು ತನ್ನ ಮೈಮೇಲಿಂದ ಇಳಿಸುತ್ತಿದ್ದ.

ಅವತ್ತಿನಿಂದ ನನಗೆ ಆ ಎರಡು ಆ್ಯಪ್‌ಗಳ ವ್ಯತ್ಯಾಸ ಬೇರೆ ರೀತಿ ಕಾಣುತ್ತಿದೆ. ಸಾಧನೆ, ಸಂತೋಷ ಎಂಬ ಮಾತು ಬಿಡಿ. ಸುಳ್ಳು ಹೇಳಿದರೆ ಅದರ ಭಾರ ಯಾರ ಕಾಲ ಮೇಲೆ ಬೀಳುತ್ತದೆ ಎಂಬುದೇ ಅಸಲಿ ವ್ಯತ್ಯಾಸ. ಕಸರತ್ತಿನ ಆ್ಯಪ್‌ನಲ್ಲಿ ಹೇಳಿದ 15 ವ್ಯಾಟಿನ ಸುಳ್ಳು ನನ್ನದೇ ತೊಡೆಯ ಮೇಲೆ ಬಿತ್ತು; ಎರಡು ದಿನದಲ್ಲಿ ಅದನ್ನು ಇಳಿಸಿದೆ. ಆಟದಲ್ಲಿ ಹೇಳಿದ ಆರು ಕಿಲೋ ಸುಳ್ಳು ಇನ್ನೊಬ್ಬನ ಊಟದ ತಟ್ಟೆಯ ಮೇಲೆ ಬಿತ್ತು. ನನಗೆ ಭಾರವೇ ಅನ್ನಿಸಲಿಲ್ಲ, ಹಾಗಾಗಿ ಮೂರು ತಿಂಗಳು ಹೊತ್ತೆ. ಸಂಶೋಧನೆ ಮಾಡುವವರಿಗೆ ಇದು ಹೊಸದಲ್ಲ. ಅಡಿಟಿಪ್ಪಣಿಯಲ್ಲಿ ನೋಡದೆಯೇ ಬರೆದ ಒಂದು ಪುಟಸಂಖ್ಯೆ ಬರೆದವನನ್ನು ಏನೂ ಮಾಡುವುದಿಲ್ಲ. ಹತ್ತು ವರ್ಷದ ನಂತರ ಅದನ್ನು ನಂಬಿ ಯಾವುದೋ ಗ್ರಂಥಾಲಯಕ್ಕೆ ಹೋಗುವ ಇನ್ನೊಬ್ಬ ವಿದ್ಯಾರ್ಥಿಯನ್ನು ಅಲೆಸುತ್ತದೆ.

ಹಾಗಾದರೆ ಕಸರತ್ತಿನ ಆ್ಯಪ್ ಹೆಚ್ಚು ಪ್ರಾಮಾಣಿಕವೇ? ಮೊದಲು ಹಾಗೇ ಅನ್ನಿಸಿತು. ಕೆಲವು ವಾರ ಆಟ ಬಿಟ್ಟು ನೀಲಿ ಕಟ್ಟೆಗಳ ಮುಂದೆಯೇ ಕೂತೆ, ಪ್ರಾಯಶ್ಚಿತ್ತ ಎಂಬಂತೆ. ಆದರೆ ಅಲ್ಲಿ ನಾನು ಸತ್ಯವಂತನಾಗಿರಲಿಲ್ಲ, ಬೇರೆ ದಾರಿ ಇಲ್ಲದವನಾಗಿದ್ದೆ. ಸುಳ್ಳು ಹೇಳಿದ ತಕ್ಷಣ ಯಂತ್ರ ಶಿಕ್ಷಿಸುತ್ತದೆ ಎಂಬಲ್ಲಿ ನಿಜ ಹೇಳುವುದು ಜಾಣತನ, ಗುಣವಲ್ಲ. ಬೆಂಕಿಯಲ್ಲಿ ಕೈ ಇಡದವನನ್ನು ನಾವು ಸಜ್ಜನ ಎಂದು ಹೊಗಳುವುದಿಲ್ಲ. ಅಲ್ಲದೆ ಅಲ್ಲಿ ಯಾರೂ ಇಲ್ಲ. ನನ್ನ ಸತ್ಯದಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ಆಟದಲ್ಲಿ ನಾನು ಸುಳ್ಳು ಹೇಳಬಹುದಿತ್ತು, ಸಿಕ್ಕಿಬೀಳುತ್ತಿರಲಿಲ್ಲ, ಇನ್ನೊಬ್ಬ ಮನುಷ್ಯ ನನ್ನ ಮಾತನ್ನು ನಂಬಿದ್ದ. ಈ ಮೂರೂ ಇರುವಲ್ಲಿಯೇ ಪ್ರಾಮಾಣಿಕತೆ ಎಂಬ ಮಾತಿಗೆ ಅರ್ಥ ಬರುವುದು. ಕಣ್ಣಿಗೆ ಬಟ್ಟೆ ಕಟ್ಟುವ ಆಟವೆಂದು ನಾನು ಹಗುರವಾಗಿ ತಿಳಿದದ್ದೇ ನೀತಿಯ ನಿಜವಾದ ಕಣವಾಗಿತ್ತು.

ದೊಡ್ಡ ಸ್ಪರ್ಧೆಗಳಲ್ಲಿ ಈಗ ತೂಕದ ಯಂತ್ರದ ಮೇಲೆ ನಿಂತ ವಿಡಿಯೊ ಕಳಿಸಬೇಕು. ಅದು ಬೇಕು, ತಕರಾರಿಲ್ಲ. 2020ರ ಡಿಸೆಂಬರ್‌ನಲ್ಲಿ ಜ್ವಿಫ್ಟ್‌ನಲ್ಲಿ ನಡೆದ ಮೊದಲ ವಿಶ್ವ ಇ-ಸ್ಪೋರ್ಟ್ಸ್ ಸೈಕ್ಲಿಂಗ್ ಚಾಂಪಿಯನ್‌ಶಿಪ್ಪಿನಲ್ಲಿ ಪುರುಷರ ಪ್ರಶಸ್ತಿ ಗೆದ್ದವರು ಜರ್ಮನಿಯ ಜೇಸನ್ ಓಸ್ಬೋರ್ನ್, ಮೂಲತಃ ದೋಣಿ ಹುಟ್ಟು ಹಾಕುವ ಕ್ರೀಡಾಪಟು. ಒಂದು ಆಟದ ಬಾಗಿಲು ಇನ್ನೊಂದು ಆಟದವನಿಗೂ ತೆರೆದಿತ್ತು. ಅಂಥ ಗೆಲುವನ್ನು ಜಗತ್ತು ನಂಬಬೇಕಾದರೆ ತಪಾಸಣೆ ಇರಲೇಬೇಕು. ಆದರೆ ಶನಿವಾರ ರಾತ್ರಿ ಇಬ್ಬರು ಗೆಳೆಯರ ನಡುವೆ ಯಾವ ವಿಡಿಯೊ? ಅಲ್ಲಿ ತಪಾಸಣೆ ತಂದರೆ ಸುಳ್ಳಿನ ಜೊತೆಗೆ ನಂಬಿಕೆಯೂ ಹೋಗುತ್ತದೆ.

ಹೇಳುವುದೊಂದೇ ದಾರಿ ಉಳಿದಿತ್ತು. ಡಿಸೆಂಬರ್‌ನ ಒಂದು ಸಂಜೆ ಫೋನ್ ಮಾಡಿ ಹೇಳಿದೆ. ಮೊದಲು 68 ಎಂದು ಯಾಕೆ ಬರೆದೆ, ಆಗಸ್ಟ್‌ನಲ್ಲಿ ಏನಾಯಿತು, ಬೆಟ್ಟದ ಮೇಲೆ ಅವನು ಕೂತಾಗ ಯಾಕೆ ಬಾಯಿ ಬಿಡಲಿಲ್ಲ, ಎಲ್ಲ. ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. “ಸೋತಿದ್ದಕ್ಕ ಬ್ಯಾಸರಿಲ್ಲಲೇ. ನೀ ಮ್ಯಾಲ ನಿಂತು ಕಾಯ್ತಿದ್ದೆಲ್ಲ, ಅದು,” ಎಂದು ಫೋನ್ ಇಟ್ಟ. ಮುಂದಿನ ಎರಡು ಶನಿವಾರ ಅವನು ಬರಲಿಲ್ಲ. ನಾನು ತೂಕ ತಿದ್ದಿಕೊಂಡು ಒಬ್ಬನೇ ಆ 21 ತಿರುವು ಹತ್ತಿದೆ. ಮೊದಲಿಗಿಂತ ಐದು ನಿಮಿಷ ಹೆಚ್ಚು ಹಿಡಿಯಿತು. ಮೇಲೆ ಕಾಯಲು ಯಾರೂ ಇರಲಿಲ್ಲ.

ಮೂರನೆಯ ಶನಿವಾರ ಅವನ ಗೊಂಬೆ ಪರದೆಯ ಮೇಲೆ ಕಾಣಿಸಿತು. ಏನೂ ಮಾತಾಡಲಿಲ್ಲ, ಹೊರಟೆವು. ರಾತ್ರಿ ಊಟ ಮತ್ತೆ ಶುರು ಮಾಡಿದ್ದಾನೆಂದು ಆಮೇಲೆ ತಿಳಿಯಿತು. ಈಗ ಕೆಲವು ವಾರ ಅವನು ಮುಂದೆ, ಕೆಲವು ವಾರ ನಾನು, ಹೆಚ್ಚಾಗಿ ಅವನೇ. ಮೇಲೆ ಮುಟ್ಟಿದವನು ಕಾಯುವ ಪದ್ಧತಿ ಬಿಟ್ಟಿದ್ದೇವೆ, ತಿರುಗಿ ಕೆಳಗೆ ಬಂದು ಜೊತೆಗೂಡಿ ಹತ್ತುತ್ತೇವೆ. ಪ್ರತಿ ತಿಂಗಳ ಮೊದಲ ದಿನ ಔಷಧಿ ಅಂಗಡಿಯ ಮುಂದಿನ ಯಂತ್ರ ಹತ್ತಿ ಇಳಿಯುತ್ತೇನೆ. ಹೋದ ಸಲ 75 ತೋರಿಸಿತು. ಸಂಕ್ರಾಂತಿಯ ಮಾದಲಿ ಇರಬೇಕು. ಮನೆಗೆ ಬಂದು ಹಾಗೇ ಬರೆದೆ.